ಅತ್ತೆಯ ಹೊಸ ಹಲ್ಲು ಮತ್ತು ಇಟಾಲಿಯನ್ ಹೋಟೆಲು

ನಮ್ಮ ಅತ್ತೆಯ ಬಾಯಲ್ಲಿ ಕೊನೆಗೆ ಉಳಿದಿದ್ದವು ನಾಲ್ಕೇ ಹಲ್ಲು. ಮೇಲಿನ ಎರಡು ಎಡಕ್ಕೆ, ಕೆಳಗಿನ ಎರಡು ಬಲಕ್ಕೆ. ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ ಅವು ಎಂದೂ ಒಂದನ್ನೊಂದು ಮುಟ್ಟುತ್ತಿರಲಿಲ್ಲ. ಅಷ್ಟರಲ್ಲೇ ಅವರು ಎಷ್ಟೋ ವರ್ಷ ಜೋಳದ ರೊಟ್ಟಿಯನ್ನು ಹಾಲಿನಲ್ಲಿ, ಸಾರಿನಲ್ಲಿ, ಎರಡೂ ಇಲ್ಲದಾಗ ಚಹಾದಲ್ಲಿ ಅದ್ದಿ ತಿಂದು ನಿಭಾಯಿಸಿದರು. ಆದರೆ ಒಂದು ಸೋಮವಾರ ಭಜನೆಯಲ್ಲಿ ಪದ ಹೇಳುವಾಗ, ‘ಶಿವಾ’ ಎಂದು ದನಿ ಎತ್ತಿದರೆ ಬರೀ ಗಾಳಿ ಹೊರಟು ಮುಂದಿದ್ದ ದೀಪ ಆರಿಹೋಯಿತಂತೆ. ಸುತ್ತಲಿನ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅತ್ತೆ ಮನೆಗೆ ಬಂದವರೇ ಮಗನನ್ನು ಕರೆದರು.

“ಲೇ ತಮ್ಮಾ, ನಂಗ ಹಲ್ಲ ಹಾಕಸು. ದೇವರ ಹೆಸರ ಹೇಳಾಕ ಬರವಲ್ದು.”

ನಾವು ಯರಗುಪ್ಪಿಯವರು. ನನ್ನ ಗಂಡನಿಗೆ ಎರೆ ಹೊಲದ ಜೊತೆಗೆ ಊರಲ್ಲೇ ಬೀಜ, ಗೊಬ್ಬರದ ಅಂಗಡಿ ಇದೆ. ನಾನು ಕುಂದಗೋಳದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮನೆಯಲ್ಲಿ ನಾವು ಮೂವರೇ. ಹಲ್ಲಿನ ಡಾಕ್ಟರು ಇದ್ದದ್ದು ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ಬಸ್ಸು, ಬೈಕು, ಕಾಲೇಜು ಹುಡುಗರು ಎಲ್ಲರೂ ಒಂದೇ ಸಲ ದಾಟಲು ಹೊರಡುವಂಥ ಒಂದು ಚೌಕಿನ ಬಳಿ, ಮೊದಲ ಮಹಡಿಯಲ್ಲಿ. ಚಿಕ್ಕ ವಯಸ್ಸಿನವರು, ಮೃದು ಮಾತಿನವರು. ಇದ್ದ ನಾಲ್ಕನ್ನೂ ಕಿತ್ತು, ವಸಡು ಮಾಗಿದ ಮೇಲೆ ಅಳತೆ ತೆಗೆದುಕೊಂಡರು.

“ಅಜ್ಜಿ, ಸೆಟ್ ಬರೂತನಾ ಮೆತ್ತಂದು ಊಟ ಮಾಡ್ರಿ. ಬಿರಿಸು ಏನೂ ಬ್ಯಾಡ” ಎಂದರು.

ಹೊರಗೆ ಬರುವಷ್ಟರಲ್ಲಿ ಮಧ್ಯಾಹ್ನ ಮೀರಿತ್ತು. ಮೂವರಿಗೂ ಹಸಿವು. ಗಂಡ ತಮಗೆ ಗೊತ್ತಿದ್ದ ಖಾನಾವಳಿಯ ಹೆಸರು ಹೇಳಿದರು. ಅತ್ತೆ ಮೆಟ್ಟಿಲ ಮೇಲೇ ನಿಂತುಬಿಟ್ಟರು.

“ಆ ಖಾನಾವಳಿ ರೊಟ್ಟಿ ಮುರ್ಯಾಕ ನಿನ್ನ ಹಲ್ಲಿಗೆ ಆಗಂಗಿಲ್ಲ. ನನ್ನ ಬಾಯಾಗ ಏನೈತಿ ನೋಡು” ಎಂದು ಬಾಯಿ ತೆರೆದು ತೋರಿಸಿದರು. ಮೆಟ್ಟಿಲು ಹತ್ತುತ್ತಿದ್ದವರೊಬ್ಬರು ಗಾಬರಿಯಾಗಿ ಗೋಡೆಗೆ ಸರಿದರು.

ಹಿಂದಿನಿಂದ ಡಾಕ್ಟರ ಹತ್ತಿರ ಚೀಟಿ ಬರೆಯುವ ಹೆಣ್ಣುಮಗಳು, “ಎದುರಿಗೆ ಇಟಾಲಿಯನ್ ಐತಲ್ರಿ. ಅಲ್ಲಿ ಎಲ್ಲಾ ಮೆತ್ತಗ ಇರ್ತೈತಿ, ಹೋಗ್ರಿ” ಎಂದಳು.

ಎದುರಿಗೆ ನೋಡಿದೆವು. ದೊಡ್ಡ ಗಾಜಿನ ಬಾಗಿಲು, ಹೊರಗೆ ಕುಂಡದಲ್ಲಿ ಗಿಡ, ಗಿಡದ ಸುತ್ತ ಒಳಗೆ ಜಾಗ ಸಿಗದೆ ನಿಂತ ಹುಡುಗ ಹುಡುಗಿಯರು. ನನ್ನ ಗಂಡ, “ಅದು ಹುಡುಗರು ಹೋಗೂ ಜಗಾ” ಎಂದರು. ಅಷ್ಟರಲ್ಲಿ ಅತ್ತೆ ಒಂದು ಕೈ ಎತ್ತಿ ಬಸ್ಸನ್ನು ನಿಲ್ಲಿಸಿ ಅರ್ಧ ರಸ್ತೆ ದಾಟಿಯಾಗಿತ್ತು.

ಒಳಗೆ ಜಾಗ ಸಿಗುವತನಕ ಬೆಂಚಿನ ಮೇಲೆ ಕೂತೆವು. ಇಳಕಲ್ ಸೀರೆ, ಹಣೆಯ ತುಂಬ ವಿಭೂತಿ, ಕಂಕುಳಲ್ಲಿ ಕೈಚೀಲ: ಅತ್ತೆ ಬೀಗರ ಮನೆಗೆ ಬಂದವರ ಗತ್ತಿನಲ್ಲಿ ಕೂತಿದ್ದರು. ನಾನು, ನನ್ನ ಗಂಡ ಮಾತ್ರ ತಪ್ಪು ಬಸ್ಸು ಹತ್ತಿದವರ ಹಾಗೆ ಕಾಣುತ್ತಿದ್ದಿರಬೇಕು. ಕೊನೆಗೆ ಕಿಟಕಿ ಪಕ್ಕದ ಮೇಜು ಸಿಕ್ಕಿತು. ಕಪ್ಪು ಅಂಗಿ, ಕಪ್ಪು ಏಪ್ರನ್ ಕಟ್ಟಿದ, ಮೂವತ್ತೈದರ ಆಸುಪಾಸಿನ ಒಬ್ಬಾತ ಬಂದು ಇಂಗ್ಲಿಷಿನಲ್ಲಿ ಸ್ವಾಗತ ಹೇಳಿ ದಪ್ಪ ಮೆನು ಇಟ್ಟ.

ಅತ್ತೆ ಅದನ್ನು ನನ್ನ ಕಡೆಗೆ ತಳ್ಳಿದರು. “ನೀ ಇಂಗ್ಲೀಷ್ ಕಲಸಾಕಿ. ಓದು.”

ನಾನು ಕೊಂಚ ಹೆಮ್ಮೆಯಿಂದಲೇ ಕನ್ನಡಕ ಸರಿಮಾಡಿಕೊಂಡೆ. “ಲಸಾಗ್ನಾ” ಎಂದು ಶುರು ಮಾಡಿದೆ.

“ಲಜಾನ್ಯಾ, ಮ್ಯಾಮ್” ಎಂದ ಆತ, ಬಾಗಿ, ಬಹಳ ಮೆಲ್ಲಗೆ.

“ಗ್ನೋಚ್ಚಿ.”

“ನ್ಯೋಕಿ, ಮ್ಯಾಮ್.”

ಮೂರನೆಯದನ್ನು ನಾನು ಬಾಯಿಂದ ಓದಲಿಲ್ಲ, ಬೆರಳಿಟ್ಟು ತೋರಿಸಿದೆ. ಅತ್ತೆ ನನ್ನನ್ನೇ ನೋಡುತ್ತಿದ್ದರು.

“ಇಷ್ಟ ವರ್ಷ ಆ ಮಕ್ಕಳಿಗೆ ಏನ್ ಕಲಿಸಿದಿ?”

“ಅದು ಇಂಗ್ಲೀಷ್ ಅಲ್ರಿ ಅತ್ತಿ. ಇಟಲಿ ಭಾಷಾ.”

“ಅಕ್ಷರಾ ಅವ ಅದಾವಿಲ್ಲೋ?”

“ಅಕ್ಷರಾ ಅವ ಅದಾವ್ರಿ.”

“ಮತ್ತ?”

ಅತ್ತೆ ಮೆನು ಮುಚ್ಚಿಸಿ, ಏಪ್ರನ್ನಿನವನ ಕಡೆ ತಿರುಗಿದರು.

“ಯಾವೂರಪಾ ತಮ್ಮಾ ನಿಂದು?”

ಆತನ ಇಂಗ್ಲಿಷ್ ಅಲ್ಲಿಗೇ ಇಳಿದುಹೋಯಿತು. “ದುಮ್ಮವಾಡ್ರಿ ಅವ್ವಾರ.”

“ದುಮ್ಮವಾಡದಾಂವ ಇದ್ದು ನಮ್ಮ ಕೂಡ ಯಾಕ ಇಂಗ್ಲೀಷ್ ಬಡೀತಿ? ಹಲ್ಲಿಲ್ಲದಾಕಿ ತಿನ್ನೂವಂಥಾದ್ದು ಏನೈತಿ, ಅದನ್ನ ಹೇಳು.”

“ಹಂಗಾರ ಪೆನ್ನೆ ತಗೋರಿ ಅವ್ವಾರ, ಬಿಳಿ ಸಾಸಿನ್ಯಾಗ ಮಾಡಿದ್ದು. ಅಗದಿ ಮೆತ್ತಗ ಇರ್ತೈತಿ.”

“ಬೆಣ್ಣಿ?”

“ಬೆಣ್ಣಿ ಅಲ್ರಿ, ಪೆನ್ನೆ.”

“ಅದನ್ನ ಅಂದ್ನಿ, ಬೆಣ್ಣಿ. ತಾ.”

ಆತ, “ಆತ್ರಿ, ಬೆಣ್ಣಿನ ತರ್ತೇನಿ” ಎಂದ. ಹೊರಟವನನ್ನು ಅತ್ತೆ ಮತ್ತೆ ಕರೆದರು. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಸೆರಗಿನಿಂದ ಹೊರತೆಗೆದು ಎದುರಿಗೆ ಹಿಡಿದರು.

“ಇದರ ಮುಂದ ಹೇಳು. ಅದರಾಗ ತತ್ತಿ ಗಿತ್ತಿ ಹಾಕ್ತೀರೇನು?”

“ಇಲ್ರಿ ಅವ್ವಾರ. ಬರೇ ಗೋಧಿ ರವಾ. ನಮ್ಮಲ್ಲಿ ಮಾಂಸಾ, ತತ್ತಿ ಒಳಗ ಬರಂಗ ಇಲ್ಲ. ಹೊರಗ ಬೋರ್ಡ್ ಐತ್ರಿ.”

“ಬೋರ್ಡ್ ಯಾರ ಓದಬೇಕು? ಓದಾಕಿ ನೋಡಿದ್ಯಲ್ಲ” ಎಂದರು ಅತ್ತೆ, ನನ್ನ ಕಡೆ ಗದ್ದ ಆಡಿಸಿ.

ತಟ್ಟೆ ಬಂತು. ಅತ್ತೆ ಕೊಳವೆಯಂಥ ಒಂದು ಪೆನ್ನೆಯನ್ನು ಎರಡು ಬೆರಳಲ್ಲಿ ಎತ್ತಿ, ಸಾಸು ಝಾಡಿಸಿ, ಕಣ್ಣಿಗೆ ಹಿಡಿದು ಅದರ ತೂತಿನೊಳಗಿಂದ ಮಗನನ್ನು ನೋಡಿದರು. “ಕಾಣಸ್ತಿ” ಎಂದರು. ಆಮೇಲೆ ಬಾಯಿಗೆ ಹಾಕಿಕೊಂಡು ವಸಡಿನಲ್ಲೇ ಅಗಿದರು. ನಾವಿಬ್ಬರೂ ಕಾದೆವು.

“ಮೆತ್ತಗೈತಿ. ಆದ್ರ ಸಪ್ಪನ್ನ ಸಪ್ಪಗೈತಿ. ಬಾಣಂತಿ ಊಟ.”

ಕೈಚೀಲದಿಂದ ಕಾಗದದ ಪೊಟ್ಟಣ ತೆಗೆದರು. ಅದರಲ್ಲಿ ಮನೆಯ ಶೇಂಗಾ ಹಿಂಡಿ, ಅಂದರೆ ಖಾರ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾ ಪುಡಿ. ನಾನು ಬೇಡ ಎನ್ನುವುದರೊಳಗೆ ಬಿಳಿ ತಟ್ಟೆ ಇಟ್ಟಂಗಿ ಬಣ್ಣಕ್ಕೆ ತಿರುಗಿತ್ತು. ಚಮಚ ಬದಿಗಿಟ್ಟು ಬೆರಳಿನಿಂದ ಕಲಸಿ, ಒಂದೂ ಉಳಿಯದಂತೆ ತಿಂದರು. ತಟ್ಟೆ ಒಯ್ಯಲು ಬಂದ ದುಮ್ಮವಾಡದಾತ ಅದರ ಬಣ್ಣ ನೋಡಿ ಇನ್ನೊಂದು ಲೋಟ ನೀರು ತಂದಿಟ್ಟ. ನನ್ನ ಗಂಡ ತಮಗಾಗಿ ತರಿಸಿದ್ದ ಸೂಪನ್ನು ಅನುಮಾನದಿಂದ ತಿರುವಿ ಬಿಟ್ಟು, ಹೊರಗೆ ಹೋಗಿ ಕೈಗಾಡಿಯ ಹತ್ತಿರ ನಿಂತು ಮಿರ್ಚಿ ಭಜಿ ತಿಂದು ಬಂದರು.

ಹಲ್ಲಿನ ಸೆಟ್ಟು ಅಂದರೆ ಒಂದೇ ದಿನದ ಕೆಲಸವಲ್ಲ. ಒಮ್ಮೆ ಮೇಣದ ಅಳತೆ, ಒಮ್ಮೆ ಬರೀ ಹಾಕಿ ನೋಡುವುದು, ಒಮ್ಮೆ ಬಣ್ಣ ಆರಿಸುವುದು. ಪ್ರತಿ ಸಲವೂ ಕೆಲಸ ಮುಗಿದು ಮೆಟ್ಟಿಲು ಇಳಿಯುತ್ತಿದ್ದಂತೆ ಅತ್ತೆ, “ಎದುರಿಗೆ ಹೋಗೂಣು” ಎನ್ನುತ್ತಿದ್ದರು. ಗಂಡ ನಮ್ಮನ್ನು ಬಾಗಿಲಲ್ಲಿ ಬಿಟ್ಟು ಭಜಿ ಗಾಡಿಯ ಕಡೆ ಹೋಗುತ್ತಿದ್ದರು. ಹೋಟೆಲಿನವರಿಗೂ ಅತ್ತೆಯ ಪರಿಚಯವಾಯಿತು. ದುಮ್ಮವಾಡದಾತ ದೂರದಿಂದಲೇ, “ಅವ್ವಾರ ಬಂದ್ರು, ಒಂದ ಬೆಣ್ಣಿ!” ಎಂದು ಒಳಗೆ ಕೂಗುತ್ತಿದ್ದ. ಒಳಗಿನವರಿಗೂ ಅದು ತಿಳಿಯುತ್ತಿತ್ತು.

ಕಿಟಕಿ ಪಕ್ಕದ ಮೇಜು ಅತ್ತೆಯದೇ ಆಯಿತು. ಅಲ್ಲಿ ಕೂತರೆ ಚೌಕಿನ ಸಿಗ್ನಲ್ ಪೂರ್ತಿ ಕಾಣುತ್ತದೆ. ಕೆಂಪು ದೀಪಕ್ಕೂ ನಿಲ್ಲದವರನ್ನು ಅವರು ಗಾಜಿನ ಒಳಗಿನಿಂದಲೇ ಬೈಯುತ್ತಿದ್ದರು. ನಿಂತವರಿಗೆ, “ಶಾಣ್ಯಾ ಅದಾನ” ಎನ್ನುತ್ತಿದ್ದರು. ಒಂದು ದಿನ ಪಕ್ಕದ ಮೇಜಿನಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿ ಒಂದೇ ಗ್ಲಾಸಿಗೆ ಎರಡು ಕೊಳವೆ ಹಾಕಿ, ಹಣೆಗೆ ಹಣೆ ತಾಗಿಸಿಕೊಂಡು ಏನೋ ಹಸಿರು ಪಾನಕ ಹೀರುತ್ತಿದ್ದರು. ಅತ್ತೆ ಸ್ವಲ್ಪ ಹೊತ್ತು ನೋಡಿದರು. ಅವರ ಮುಖದಲ್ಲಿ ಕರುಣೆ ಮೂಡಿತು.

“ಏ ತಮ್ಮಾ, ಆ ಮಕ್ಕಳಿಗೆ ಇನ್ನೊಂದ ಗ್ಲಾಸ್ ಕೊಡಪಾ. ಪಾಪ, ಒಂದರಾಗ ಇಬ್ರೂ ಕುಡ್ಯಾಕತ್ತಾವ.”

ಹುಡುಗಿ ಕೆಂಪಾದಳು. ಹುಡುಗ ಕೆಮ್ಮಿ ಪಾನಕ ಮೂಗಿಗೇರಿಸಿಕೊಂಡ. ದುಮ್ಮವಾಡದಾತ ನಿಜವಾಗಿಯೂ ಇನ್ನೊಂದು ಖಾಲಿ ಗ್ಲಾಸ್ ತಂದಿಟ್ಟ. ಮುಂದೆ ಆ ಇಬ್ಬರೂ ಬೇರೆ ಬೇರೆ ಗ್ಲಾಸಿನಲ್ಲಿ, ತುಂಬಾ ಸಭ್ಯತೆಯಿಂದ, ಅತ್ತೆಯ ಕಡೆ ಕಳ್ಳನೋಟ ಹಾಕುತ್ತ ಕುಡಿದರು.

ಕೊನೆಗೂ ಸೆಟ್ಟು ತಯಾರಾಯಿತು. ಹಾಕಿಕೊಂಡ ಅತ್ತೆಯ ಮುಖ ಹತ್ತು ವರ್ಷ ಹಿಂದಕ್ಕೆ ಹೋಯಿತು. ಕನ್ನಡಿಯಲ್ಲಿ ನೋಡಿಕೊಂಡು, “ಶಿವಾ” ಎಂದರು. ಶ ಸರಿಯಾಗಿ ಬಂತು. ಡಾಕ್ಟರು, “ಚುಚ್ಚತಾವೇನು ಅಜ್ಜಿ?” ಎಂದು ಕೇಳಿದರು.

ಅತ್ತೆ ಕಿಟಕಿಯಾಚೆ, ರಸ್ತೆಯ ಎದುರು ಬದಿ ನೋಡಿದರು. “ಇಲ್ಲಿ ಸ್ವಲ್ಪ ಚುಚ್ಚತೈತ್ರಿ” ಎಂದರು.

ಡಾಕ್ಟರು ಅರದಿಂದ ಉಜ್ಜಿ ಕೊಟ್ಟರು. ಎಂಟು ದಿನ ಬಿಟ್ಟು ಬನ್ನಿ ಎಂದರು. ಹೋದೆವು. ಈಗ ಇನ್ನೊಂದು ಕಡೆ ಚುಚ್ಚುತ್ತಿತ್ತು. ಮತ್ತೆ ಉಜ್ಜಿದರು. ಮುಂದಿನ ಸಲ ಕೆಳಗೆ, ಆಮೇಲೆ ಅಂಗುಳದ ಹತ್ತಿರ. ಡಾಕ್ಟರು ಬಾಯಿಗೆ ಬ್ಯಾಟರಿ ಹಿಡಿದು ನೋಡಿದರು. ಎಲ್ಲೂ ಕೆಂಪಿಲ್ಲ, ಗಾಯವಿಲ್ಲ. ಪಾಪದ ಮನುಷ್ಯ, ತಮ್ಮ ಕೈಕೆಲಸವನ್ನೇ ಅನುಮಾನಿಸುತ್ತ ಸೆಟ್ಟನ್ನು ಬೆಳಕಿಗೆ ಹಿಡಿದು ತಿರುವಿ ತಿರುವಿ ನೋಡುತ್ತಿದ್ದರು. ನನ್ನ ಗಂಡ ಬಿತ್ತನೆಯ ದಿನಗಳಲ್ಲೂ ಅಂಗಡಿ ಮುಚ್ಚಿ ಕಾರು ಹೊರಡಿಸುತ್ತಿದ್ದರು. “ಹಲ್ಲಿನ ವಿಚಾರ, ಬಿಡಾಕ ಬರಂಗಿಲ್ಲ” ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದರು.

ಒಂದು ದಿನ ಶಾಲೆಗೆ ಅರ್ಧ ದಿನ ರಜೆ ಸಿಕ್ಕಿ ನಾನು ಬೇಗ ಮನೆಗೆ ಬಂದೆ. ಹಿತ್ತಲಿನಿಂದ ಕಟಂ ಕುಟುಂ ಎಂದು ಸದ್ದು ಬರುತ್ತಿತ್ತು. ಇಣುಕಿದರೆ, ಅತ್ತೆ ಮತ್ತು ಬಾಜು ಮನೆಯ ಖಾಲಾ ಕಟ್ಟೆಯ ಮೇಲೆ ಕೂತಿದ್ದಾರೆ. ಖಾಲಾ ಅಂದರೆ ಉರ್ದುವಿನಲ್ಲಿ ಚಿಕ್ಕಮ್ಮ; ಅವರು ಅತ್ತೆಯ ಓರಗೆಯವರು. ಮಕ್ಕಳು ಬಟ್ಟೆ ವ್ಯಾಪಾರದಲ್ಲಿದ್ದಾರೆ. ಇಬ್ಬರದೂ ಮದುವೆಯಾಗಿ ಬಂದಾಗಿನಿಂದಲೂ ಸ್ನೇಹ. ಇಬ್ಬರ ನಡುವೆ ಹುರಿದ ಕಡಲೆಯ ಬುಟ್ಟಿ, ಒಣಗಿದ ಕಡಕ್ ರೊಟ್ಟಿ. ಅತ್ತೆ ರೊಟ್ಟಿಯನ್ನು ಅಂಚಿನಿಂದ ಕಚ್ಚಿ, ಗರಗಸದ ಹಾಗೆ ಮುರಿಯುತ್ತಿದ್ದರು.

“ಅತ್ತೀ!” ಎಂದೆ.

ಅವರು ಕಚ್ಚಿದ್ದನ್ನು ಬಿಡಲೂ ಇಲ್ಲ, ನುಂಗಲೂ ಇಲ್ಲ. ಖಾಲಾ ಬುಟ್ಟಿಯ ಮೇಲೆ ಸೆರಗು ಮುಚ್ಚಿದರು, ಕಡಲೆಯದೇ ತಪ್ಪು ಎಂಬಂತೆ.

“ಹಲ್ಲ ಚುಚ್ಚತಾವ ಅಂದಿದ್ರಿ?”

“ಇವತ್ತ ಸ್ವಲ್ಪ ಚೊಲೊ ಅದಾವ” ಎಂದರು ಅತ್ತೆ.

ಖಾಲಾ ತಡೆಯಲಾರದೆ ನಕ್ಕುಬಿಟ್ಟರು. “ಜಾನೇ ದೇ ಬೇಟಿ. ಆಕೀಗೆ ಹಲ್ಲಲ್ಲ, ಆ ಹೋಟೆಲ್ ಚುಚ್ಚಾಕತ್ತೈತಿ.”

ನಾನು ಕಟ್ಟೆಯ ಮೇಲೆ ಕೂತೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. “ಬೇಕಂದ್ರ ಹಂಗ ಹೇಳಬಾರದೇನ್ರಿ? ಆ ಸಪ್ಪನ ಊಟದಾಗ ಅಂಥಾದ್ದೇನೈತಿ?” ಎಂದು ಕೇಳಿದೆ.

ಅತ್ತೆ ರೊಟ್ಟಿಯ ಚೂರನ್ನು ಸಾವಕಾಶ ಅಗಿದು ನುಂಗಿ ಹೇಳಿದರು. “ಊಟ ಏನ್ ಮಣ್ಣೂ ಇಲ್ಲ. ಅಲ್ಲಿ ಹೋಗಿ ಕುಂತ್ರ, ‘ಅವ್ವಾರ, ನಿಮಗೇನ್ ಬೇಕ್ರಿ?’ ಅಂತ ಕೇಳ್ತಾನ ನೋಡು. ಈ ಮನಿಗೆ ಬಂದಾಗಿಂದ ‘ಏನ್ ಮಾಡೀ?’ ಅಂತ ಕೇಳ್ಯಾರ, ‘ಇನ್ನೂ ಐತೇನು?’ ಅಂತ ಕೇಳ್ಯಾರ. ನಿನಗೇನ್ ಬೇಕ ಅಂತ ಯಾರ ಕೇಳ್ಯಾರ? ಕೇಳಿದ್ರೂ ಇದ್ದದ್ದ ಒಂದ ಪಲ್ಯಾ, ಏನ್ ಹೇಳಬೇಕು? ಮತ್ತ ತಿಂದ ತಾಟ ಅವರ ತೊಳೀತಾರ.”

ಕೊನೆಯ ಮಾತಿಗೆ ಖಾಲಾ ಬಲವಾಗಿ ತಲೆಯಾಡಿಸಿದರು.

ಇದನ್ನು ನಾನು ಗಂಡನಿಗೆ ಹೇಳಲಿಲ್ಲ. ಅತ್ತೆಯ ಮೇಲಿನ ಮಮತೆಯಿಂದ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಆದರೆ ಹಲ್ಲು ಚುಚ್ಚಿದ ದಿನ ನನಗೂ ಒಲೆಯ ಮುಂದೆ ನಿಲ್ಲುವ ಕೆಲಸ ಇರುತ್ತಿರಲಿಲ್ಲ. ಆ ಹೋಟೆಲಿನ ಟೊಮೆಟೊ ಸೂಪು, ಬೆಳ್ಳುಳ್ಳಿ ಬ್ರೆಡ್ಡು ನನಗೂ ರೂಢಿಯಾಗಿದ್ದವು. ಈಗ ನಾನು ‘ನ್ಯೋಕಿ’ಯನ್ನು ಒಂದೇ ಉಸಿರಿಗೆ ಸರಿಯಾಗಿ ಹೇಳುತ್ತಿದ್ದೆ. ಆ ವಿದ್ಯೆಯನ್ನು ಯರಗುಪ್ಪಿಯಲ್ಲಿ ಎಲ್ಲಿ ಬಳಸುವುದು?

ಸುದ್ದಿ ಹಿತ್ತಲಿನ ಕಟ್ಟೆಯಿಂದ ಭಜನೆಗೆ ತಲುಪಿತು. ಅತ್ತೆ ಅಲ್ಲಿ ಬೆಣ್ಣಿಯ ವರ್ಣನೆ ಮಾಡಿದ್ದರು. ಶ್ರಾವಣ ಮುಗಿದ ಮೇಲೆ ಒಂದು ದಿನ ಅವರು ನನ್ನನ್ನು ಕರೆದು, ಈ ಸಲ ನಾವಷ್ಟೇ ಹೋಗುವುದು ಸರಿಯಲ್ಲ, ಜೊತೆಗೆ ಮೂವರು ಬರುತ್ತಾರೆ, ಖರ್ಚೆಲ್ಲ ತಮ್ಮದು ಎಂದರು. ಒಬ್ಬರು ಖಾಲಾ. ಇನ್ನೊಬ್ಬರು ಕುಬಿಹಾಳದಿಂದ ಬಂದು ಉಳಿದಿದ್ದ ಅತ್ತೆಯ ತಂಗಿ. ನಾವು ಚಿಗವ್ವ ಎನ್ನುತ್ತೇವೆ. ಮೂರನೆಯವರು ಭಜನೆಯಲ್ಲಿ ತಾಳ ಹಾಕುವ ಅಜ್ಜಿ, ಕಿವಿ ಮಂದ. ತಾಳದ ಅಜ್ಜಿಯ ಮನೆಯಲ್ಲಿ ಹೋಟೆಲು ಎಂದರೆ ಬಿಡುವುದಿಲ್ಲವಾದ್ದರಿಂದ ಎಲ್ಲರೂ ಒಂದೇ ಮಾತು ಹೇಳುವುದೆಂದು ನಿರ್ಧಾರವಾಯಿತು: ಹುಬ್ಬಳ್ಳಿಯ ಮಠಕ್ಕೆ ಹೋಗುತ್ತೇವೆ.

“ನಾ ಏನ್ ಹೇಳ್ಲಿ?” ಎಂದು ಖಾಲಾ ಕೇಳಿದರು.

“ನೀನೂ ಮಠಕ್ಕ ಅನ್ನು” ಎಂದರು ಅತ್ತೆ. ಖಾಲಾ ಸ್ವಲ್ಪ ಯೋಚಿಸಿ, ತಾವು ಹಲ್ಲಿನ ದವಾಖಾನೆಗೆ ಎಂದು ಹೇಳುವುದೇ ಒಳ್ಳೆಯದು ಎಂದರು.

ನನ್ನ ಗಂಡನಿಗೆ ಹೇಳಿದ್ದು ಬೇರೆ: ಹಲ್ಲು ಮತ್ತೆ ಚುಚ್ಚುತ್ತಿದೆ, ಇವರೆಲ್ಲ ಸುಮ್ಮನೆ ಜೊತೆಗೆ. ಹಿಂದಿನ ಸೀಟಿನಲ್ಲಿ ನಾವು ನಾಲ್ವರು ಇಕ್ಕಟ್ಟಾಗಿ, ಮುಂದೆ ಅತ್ತೆ. ಹುಬ್ಬಳ್ಳಿ ಮುಟ್ಟುವತನಕ ತಾಳದ ಅಜ್ಜಿ ಪದ ಹೇಳಿದರು. ಅತ್ತೆ, “ಡಾಕ್ಟರ್ ಊಟಕ್ಕ ಹೋಗಿರ್ತಾರ, ಮೊದ್ಲ ನಾವೂ ಉಂಡ ಹೋಗೂಣು” ಎಂದು ನೇರ ಗಾಜಿನ ಬಾಗಿಲಿನ ಕಡೆಗೆ ನಡೆದರು. ಗಂಡ ಅಭ್ಯಾಸದಂತೆ ಭಜಿ ಗಾಡಿಯ ಕಡೆ ತಿರುಗಿದರು.

ದುಮ್ಮವಾಡದಾತ ಎರಡು ಮೇಜು ಕೂಡಿಸಿ ಕೊಟ್ಟ. ನಾಲ್ವರು ಮುದುಕಿಯರು ಕಾಲು ಮೇಲೆತ್ತಿ ಮಡಚಿ, ಕುರ್ಚಿಗಳ ಮೇಲೇ ಪದ್ಮಾಸನ ಹಾಕಿ ಕೂತರು. ಖಾಲಾ ಮೊದಲು ಕೇಳಿದ್ದು, “ಮಾಂಸದ ಪಾತೇಲಿ ಬ್ಯಾರೆ ಐತಿಲ್ಲೋ ತಮ್ಮಾ?”

“ಇಲ್ಲಿ ಮಾಂಸನ ಇಲ್ರಿ.”

“ಹಂಗಾರ ಏನೂ ಫಿಕೀರ್ ಇಲ್ಲ. ಎಲ್ಲಾ ತಾ.”

ಅತ್ತೆಗೆ ಪೆನ್ನೆ, ಎಲ್ಲರ ನಡುವೆ ಎರಡು ದೊಡ್ಡ ಪಿಜ್ಜಾ. ತಾಳದ ಅಜ್ಜಿ ಪಕ್ಕದ ಮೇಜಿನ ತಟ್ಟೆಯನ್ನು ತೋರಿಸಿ, “ನಂಗ ಆ ಶಾವಿಗಿ” ಎಂದರು. ಸ್ಪಾಗೆಟ್ಟಿ.

“ಯಾವ ಸಾಸ್ ಹಾಕ್ಲ್ರಿ?” ಎಂದು ಆತ ಕಿವಿಯ ಹತ್ತಿರ ಕೇಳಿದ.

“ಹಾಲು, ಸಕ್ರಿ.”

“ಹಂಗ ಬರಂಗಿಲ್ರಿ ಅಜ್ಜಿ. ಟೊಮೆಟೊ ಇಲ್ಲಾ ಬಿಳೀದು...”

“ಹೂಂ, ಬಿಳೀದ. ಹಾಲು. ಬಿಸಿ ಇರ್ಲಿ.”

ಆತ ನನ್ನ ಮುಖ ನೋಡಿದ. ನಾನು ಸಿಗ್ನಲ್ ನೋಡಿದೆ. ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಬಾಗಿಲು ತೆರೆದು, ಎತ್ತರದ ಬಿಳಿ ಟೊಪ್ಪಿಗೆಯ ಅಡುಗೆಯವರು ಇಣುಕಿ ನಮ್ಮನ್ನು ನೋಡಿ ಒಳಗೆ ಹೋದರು. ಆಮೇಲೆ ಬರೀ ಬೇಯಿಸಿದ ಸ್ಪಾಗೆಟ್ಟಿ, ಒಂದು ಲೋಟ ಹಾಲು, ಕಾಫಿಗೆ ಕೊಡುವ ಸಕ್ಕರೆ ಪುಡಿಕೆಗಳು ಬಂದವು. ಅಜ್ಜಿ ಪುಡಿಕೆಗಳನ್ನು ಒಂದೊಂದಾಗಿ ಹರಿದು ಸುರಿದುಕೊಂಡರು. ಶಾವಿಗೆಯಂತೆ ಬೆರಳಲ್ಲಿ ಹಿಡಿದು ಎತ್ತಿದರೆ ಎಳೆ ಮುಗಿಯುವುದೇ ಇಲ್ಲ. ಕೈ ತಲೆಯ ಮೇಲೆ ಹೋಯಿತು, ಎಳೆ ಇನ್ನೂ ತಟ್ಟೆಯಲ್ಲೇ ಇತ್ತು. ಕೊನೆಗೆ ಅವರು ಕುರ್ಚಿಯ ಮೇಲೆ ಎದ್ದು ನಿಲ್ಲಲು ನೋಡಿದರು. ನಾನು ಹಿಡಿದು ಕೂರಿಸಿದೆ.

ಪಿಜ್ಜಾದ ಚೀಜು ಬೇರೆಯದೇ ತೊಂದರೆ ತಂದಿತು. ಚಿಗವ್ವ ಕಚ್ಚಿ ಕೈ ಹಿಂದಕ್ಕೆಳೆದರೆ ಬಾಯಿಂದ ತುಂಡಿನವರೆಗೆ ದಾರ. ಇನ್ನೂ ಎಳೆದರು, ದಾರವೂ ಉದ್ದವಾಯಿತು. ಬಾಯಿ ತುಂಬಿದ್ದರಿಂದ ಮಾತಾಡಲಾಗದೆ ಕಣ್ಣಿನಲ್ಲೇ ನನ್ನನ್ನು ಬೇಡಿಕೊಂಡರು. ಖಾಲಾ ಎರಡು ಬೆರಳಿನಿಂದ ದಾರವನ್ನು ನಡುವೆ ಹಿಡಿದು, ಹೊಲಿಗೆ ಮುಗಿದ ನೂಲನ್ನು ಕತ್ತರಿಸುವ ಚಾಲಾಕಿಯಲ್ಲಿ ಪಟಕ್ಕನೆ ಹರಿದರು. ಸುತ್ತಲಿನ ಮೇಜಿನ ಹುಡುಗರು ತಮ್ಮ ಊಟ ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ಒಬ್ಬಳು ಹುಡುಗಿ ಎದ್ದು ಬಂದು ತಾಳದ ಅಜ್ಜಿಗೆ ಚಮಚಕ್ಕೆ ಎಳೆ ಸುತ್ತುವುದನ್ನು ಕಲಿಸಲು ನೋಡಿದಳು. ಅಜ್ಜಿ ಅವಳ ಗದ್ದ ಹಿಡಿದು, “ಲಗ್ನಾಗೈತೇನವಾ?” ಎಂದು ಕೇಳಿದರು. ಅವಳು ಬೇಗ ತನ್ನ ಜಾಗಕ್ಕೆ ಹಿಂತಿರುಗಿದಳು.

ಈ ಗದ್ದಲದಲ್ಲಿ ಅತ್ತೆ ಪೆನ್ನೆ ಮುಗಿಸಿ, ಪಿಜ್ಜಾದ ಮೆತ್ತನೆಯ ಭಾಗ ತಿಂದು, ಉಳಿದ ಅಂಚಿಗೆ ಕೈ ಹಾಕಿದ್ದರು. ಸ್ವಲ್ಪ ಹೆಚ್ಚೇ ಸುಟ್ಟ, ಗಟ್ಟಿಯಾದ ಅಂಚು. ಹೊಸ ಹಲ್ಲಿನಿಂದ ಕಚ್ಚಿ, ಕತ್ತು ಒಂದು ಕಡೆ ಮಾಡಿ, ಬಲವಾಗಿ ಎಳೆಯುತ್ತಿದ್ದರು. ಅದೇ ಹೊತ್ತಿಗೆ ಗಾಜಿನ ಬಾಗಿಲು ತೆರೆಯಿತು. ಹಲ್ಲಿನ ಡಾಕ್ಟರು, ಅವರ ಹೆಂಡತಿ. ಅವರ ಹಿಂದೆಯೇ, ಭಜಿ ಮುಗಿಸಿ, ಕೈ ಒರೆಸಿಕೊಳ್ಳುತ್ತ ನನ್ನ ಗಂಡ.

ಡಾಕ್ಟರು ಮೇಜಿನ ಹತ್ತಿರ ಬಂದು ನಿಂತರು. ಅಂಚು ಟಪ್ ಎಂದು ಮುರಿಯಿತು.

“ಅಜ್ಜಿ,” ಎಂದರು ಡಾಕ್ಟರು, “ಹಲ್ಲ ಚುಚ್ಚತಾವ ಅಂದಿದ್ರಿ?”

ಖಾಲಾ, ಚಿಗವ್ವ ತಲೆ ತಗ್ಗಿಸಿ ತಟ್ಟೆ ನೋಡಿದರು. ತಾಳದ ಅಜ್ಜಿ ಮಾತ್ರ ಏನೂ ಕೇಳಿಸದೆ ಹಾಲು ಸುರಿದುಕೊಳ್ಳುತ್ತಿದ್ದರು. ಅತ್ತೆ ಬಾಯಲ್ಲಿದ್ದದ್ದನ್ನು ಅಗಿದು, ನೀರು ಕುಡಿದು, ಸೆರಗಿನಿಂದ ತುಟಿ ಒರೆಸಿಕೊಂಡರು.

“ನಿಮ್ಮ ದವಾಖಾನ್ಯಾಗ ಚುಚ್ಚತಾವ್ರಿ ಡಾಕ್ಟರ. ಇಲ್ಲಿ ಬಂದ್ರ ಚುಚ್ಚಂಗಿಲ್ಲ.”

ಡಾಕ್ಟರು ಪಕ್ಕದ ಕುರ್ಚಿಯನ್ನು ಹಿಡಿದುಕೊಂಡು ನಕ್ಕರು. “ನಾ ರಾತ್ರಿ ನಿದ್ದಿ ಬಿಟ್ಟೇನಿ ಅಜ್ಜಿ, ಎಲ್ಲಿ ತಪ್ಪೇತಿ ಅಂತ. ಅಷ್ಟ ಉಜ್ಜಿದ್ನಲ್ಲ!” ಎಂದರು. ಅವರ ಮುಖದ ಮೇಲಿನ ಭಾರ ಇಳಿದದ್ದು ಕಾಣುವಂತಿತ್ತು. ಹೆಂಡತಿಗೆ, “ನೋಡು, ಇದು ನಾ ಮಾಡಿದ ಸೆಟ್” ಎಂದು ತೋರಿಸಿದರು, ಅತ್ತೆಯ ಬಾಯಿಗೆ ಬೆರಳು ಮಾಡಿ.

ನನ್ನ ಗಂಡನಿಗೆ ನಗು ಬರಲಿಲ್ಲ. “ಯವ್ವಾ, ಬಿತ್ತಗಿ ಟೈಮಿನ್ಯಾಗ ಅಂಗಡಿ ಮುಚ್ಚಿ ಓಡಿ ಬಂದೇನಿ. ಹಲ್ಲಿನ ಸಲುವಾಗಿ ಅಂತ.”

“ಹೌದಪಾ.”

“ಹಲ್ಲ ಚೊಲೊ ಅದಾವ ಅಂತ ಹೇಳಬಾರದೇನು?”

“ಚೊಲೊ ಅದಾವ ಅಂದ್ರ ನೀ ಕರಕೊಂಡ ಬರ್ತಿದ್ದೇನು?”

ಗಂಡ ನನ್ನ ಕಡೆ ನೋಡಿದರು. ನಾನು ಆ ಕ್ಷಣದಲ್ಲಿ ಬೆಳ್ಳುಳ್ಳಿ ಬ್ರೆಡ್ಡಿಗೆ ತುಂಬಾ ಗಮನ ಕೊಟ್ಟಿದ್ದೆ. ಖಾಲಾ ಒಂದು ಕುರ್ಚಿ ಎಳೆದು, ಅವರನ್ನು ತೋಳು ಹಿಡಿದು ಕೂರಿಸಿ, ಒಂದು ಪಿಜ್ಜಾ ತುಂಡು ಅವರ ಕೈಗಿಟ್ಟರು. “ಬೈಟ್ ಬೇಟಾ. ಮೊದ್ಲ ತಿನ್ನು, ಆಮ್ಯಾಲೆ ಸಿಟ್ಟ ಮಾಡು.” ಅವರು ಸಿಟ್ಟಿನಲ್ಲೇ ತಿಂದರು. ಎರಡನೆಯ ತುಂಡಿಗೆ ಯಾರೂ ಹೇಳಲಿಲ್ಲ, ತಾವೇ ಕೈ ಹಾಕಿದರು.

ಡಾಕ್ಟರು ಒಂದು ಫೋಟೊ ತೆಗೆದುಕೊಳ್ಳಲೇ ಎಂದು ಕೇಳಿದರು, ದವಾಖಾನೆಯ ಗೋಡೆಗೆ. ಅತ್ತೆ ಸೆರಗು ಸರಿಮಾಡಿಕೊಂಡು, ವಿಭೂತಿ ಅಳಿಸಿಲ್ಲವೇ ಎಂದು ನನ್ನನ್ನು ಕೇಳಿ, ಇನ್ನೊಂದು ಅಂಚನ್ನು ಕೈಗೆತ್ತಿಕೊಂಡರು.

“ಸ್ವಲ್ಪ ನಗ್ರಿ ಅಜ್ಜಿ.”

“ನಗಂಗಿಲ್ಲ. ಕಡೀತೇನಿ. ಹಲ್ಲಿನ ಫೋಟೊ ಅಲ್ಲೇನು?”

ಕಡಿದರು. ಫೋಟೊ ಅದ್ಭುತವಾಗಿ ಬಂತು. ಅವರ ಹಿಂದೆ ಚಿಗವ್ವ, ಖಾಲಾ, ಎಳೆಯನ್ನು ತಲೆಯ ಮೇಲೆತ್ತಿ ಹಿಡಿದ ತಾಳದ ಅಜ್ಜಿ, ಎಲ್ಲರೂ ಸ್ಪಷ್ಟವಾಗಿ ಬಂದಿದ್ದರು. ಅಷ್ಟು ಸ್ಪಷ್ಟವಾಗಿ ಬಂದದ್ದೇ ಮುಂದಿನ ತೊಂದರೆ. ಊರಿಗೆ ಮರಳಿದ ಮೇಲೆ ತಾಳದ ಅಜ್ಜಿಯ ಸೊಸೆ, ಮಠದಲ್ಲಿ ಏನು ಪ್ರಸಾದ ಎಂದು ಕೇಳಿದ್ದಕ್ಕೆ, ಅಜ್ಜಿ, “ಶಾವಿಗಿ ಪಾಯಸ” ಎಂದು ಹೇಳಿ ಪಾರಾಗಿದ್ದರು. ಅದು ಪೂರಾ ಸುಳ್ಳೂ ಆಗಿರಲಿಲ್ಲ. ಆದರೆ ಒಂದೆರಡು ತಿಂಗಳಲ್ಲಿ ಅದೇ ಸೊಸೆಗೆ ದವಡೆ ಹಲ್ಲು ನೋವು ಬಂತು. ನಮ್ಮ ಡಾಕ್ಟರು ಒಳ್ಳೆಯವರೆಂದು ಊರಿಗೆಲ್ಲ ಹೇಳಿಟ್ಟವರು ನನ್ನ ಗಂಡನೇ. ಅವಳು ಹೋದಳು. ಬಾಯಿ ಹಿಡಿದುಕೊಂಡು ಕಾಯುತ್ತ ಕೂತವಳು ಗೋಡೆ ನೋಡಿದಳು. ಗೋಡೆಯ ಮೇಲೆ ಚೌಕಟ್ಟಿನಲ್ಲಿ ಅವಳ ಅತ್ತೆ.

ದೊಡ್ಡ ಜಗಳವಾಗುತ್ತದೆಂದು ನಾವು ಕಾದೆವು. ಅವಳು ಸಂಜೆ ಊದಿದ ಕೆನ್ನೆಯಲ್ಲೇ ನಮ್ಮ ಮನೆಗೆ ಬಂದಳು. ನಮ್ಮ ಅತ್ತೆ ದೇವರ ಕೋಣೆಗೆ ಹೋಗಿ ಕಣ್ಣು ಮುಚ್ಚಿ ಕೂತುಬಿಟ್ಟರು. ಅವಳು ನನ್ನ ಹತ್ತಿರ ಸರಿದು, ನೋವಿನಲ್ಲಿ ಮಾತು ತೊದಲುತ್ತ ಕೇಳಿದಳು.

“ಅಕ್ಕಾರ, ಮುಂದಿನ ಸಲ ಯಾವಾಗ ಮಠಕ್ಕ ಹೋಗ್ತೀರಿ? ನನ್ನೂ ಕರ್ಕೊಂಡ ಹೋಗ್ರಿ.”

ದೇವರ ಕೋಣೆಯೊಳಗಿನಿಂದ ಅತ್ತೆಯ ದನಿ ಬಂತು. “ಸೊಸೆಯಂದ್ರು ಬಂದ್ರ ಗಾಡ್ಯಾಗ ಜಗಾ ಸಾಲಂಗಿಲ್ಲ.”

ಜಾಗ ಆಯಿತು. ಹೋದ ತಿಂಗಳು ಅವರು ಮತ್ತೆ ಹೋದರು: ಅತ್ತೆ, ಚಿಗವ್ವ, ತಾಳದ ಅಜ್ಜಿ, ಅವರ ಸೊಸೆ, ಖಾಲಾ. ಕಾರು ನಡೆಸಲು ನನ್ನ ಗಂಡ ಯಾರೂ ಕರೆಯುವ ಮೊದಲೇ ಅಂಗಡಿ ಮುಚ್ಚಿ ಬಂದು ನಿಂತಿದ್ದರು. ಈಗ ಕಾರಣ ಹೇಳುವ ಪದ್ಧತಿಯೂ ಉಳಿದಿಲ್ಲ. ಜಾಗ ಸಾಲದೆ ಹೋದದ್ದು ನನಗೆ. ಅತ್ತೆ ಕಿಟಕಿ ಇಳಿಸಿ, “ನಿನಗೇನ್ ಬೇಕ ಹೇಳು, ಕಟ್ಟಿಸ್ಕೊಂಡ ಬರ್ತೇನಿ” ಎಂದರು.

ನಾನು ಬಹಳ ಹೊತ್ತು ಯೋಚಿಸಿದೆ. ಹಿಂದಿನ ಸೀಟಿನಿಂದ, “ಲಗೂ ಹೇಳವಾ” ಎಂದರು ಖಾಲಾ. ಏನೂ ಹೊಳೆಯಲಿಲ್ಲ. ಕಾರು ಹೊರಟ ಮೇಲೆ ಒಳಗೆ ಬಂದು, ನನಗೊಬ್ಬಳಿಗೇ ಅನ್ನ, ಹೆಸರುಕಾಳಿನ ಸಾರು ಮಾಡಿಕೊಂಡು, ಹಿತ್ತಲಿನ ಕಟ್ಟೆಯ ಮೇಲೆ ಕೂತು ಸಾವಕಾಶ ಉಂಡೆ.